ಫೋನ್ ಆಫ್ ಆಗಿದ್ದ ಮೂರೂವರೆ ಗಂಟೆ

ಮೊದಲು ಕೊಳಲಿನಂಥ ಒಂದು ವಾದ್ಯ ಒಂದೇ ಸ್ವರವನ್ನು ಎಳೆದು ಹಿಡಿಯಿತು. ಆಮೇಲೆ ಪಿಟೀಲುಗಳೆಲ್ಲ ಅದರ ಮೇಲೆ ಮುಗಿಬಿದ್ದವು. ಸಂಗೀತ ಇನ್ನೂ ಶುರುವಾಗಿರಲಿಲ್ಲ, ವಾದ್ಯಗಳು ಬರೀ ಶ್ರುತಿ ಕೂಡಿಸಿಕೊಳ್ಳುತ್ತಿದ್ದವು. ಕುವೈತಿನ ಜಾಬ್ರಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು ಆ ಸದ್ದನ್ನು ಎರಡು ಸಲ ಕೇಳಿದೆ. ಹೊರಗೆ ಧೂಳು ಎದ್ದಿತ್ತು. ಕಿಟಕಿಯ ಸಂದಿಗೆ ತುರುಕಿದ್ದ ಒದ್ದೆ ಟವೆಲ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.

ಜರ್ಮನಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಲೈಪ್‌ಜಿಗ್ ಎಂಬ ನಗರದ ಒಪೆರಾ ಹೌಸಿನೊಳಗೆ ಕೂತು ಕಳಿಸಿದ ವಾಯ್ಸ್ ಮೆಸೇಜ್ ಅದು. ಕೊನೆಯಲ್ಲಿ ಅವಳ ಪಿಸುಮಾತು: "ಗ್ರ್ಯಾನಿ, ದಿಸ್ ಈಸ್ ಫಾರ್ ಯೂ. ಸ್ವಿಚಿಂಗ್ ಆಫ್ ನೌ. ಪ್ರಾಮಿಸ್!"

ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಪೂರ್ತಿ ಆಫ್ ಮಾಡಬೇಕು ಎಂದು ಅವಳಿಗೆ ಹೇಳಿದವಳು ನಾನೇ.

ನಾನು ಓದಿದ ಮಂಗಳೂರಿನ ಕಾನ್ವೆಂಟಿನಲ್ಲಿ ಜರ್ಮನ್ ಸಿಸ್ಟರ್ ಒಬ್ಬರು ಮ್ಯೂಸಿಕ್ ಕಲಿಸುತ್ತಿದ್ದರು. ಶನಿವಾರ ಗ್ರಾಮಫೋನಿನಲ್ಲಿ ಒಪೆರಾ ಹಾಕಿ, ನಮ್ಮನ್ನು ಕೈಕಟ್ಟಿ ಕೂರಿಸುತ್ತಿದ್ದರು. ಕೆಮ್ಮಿದವಳು ಕಾರಿಡಾರಿನಲ್ಲಿ ನಿಲ್ಲಬೇಕು. ಅರ್ಥ ಒಂದಕ್ಷರವೂ ಆಗುತ್ತಿರಲಿಲ್ಲ. ಆದರೂ ಹಾಡುವ ಹೆಂಗಸಿನ ದನಿ ಮೇಲಕ್ಕೇರುವಾಗ ನಾನು ಬಂದ ಕೆಮ್ಮನ್ನೂ ನುಂಗಿಕೊಂಡು ಕೂರುತ್ತಿದ್ದೆ. ಒಂದು ದಿನ ನಿಜವಾದ ಒಪೆರಾ ಹೌಸಿನಲ್ಲಿ, ವೆಲ್ವೆಟ್ ಸೀಟಿನಲ್ಲಿ ಕೂರುತ್ತೇನೆ ಎಂದುಕೊಂಡಿದ್ದೆ. ಮದುವೆಯಾಯಿತು, ಕುವೈತಿಗೆ ಬಂದೆ, ಆಫೀಸುಗಳಲ್ಲಿ ಟೈಪ್ ಮಾಡುತ್ತಾ ಕೂದಲು ಬೆಳ್ಳಗಾಯಿತು. ಗಂಡ ತೀರಿಕೊಂಡ ಮೇಲೆ ಮಗನ ಆಶ್ರಯದಲ್ಲಿ ಇಲ್ಲೇ ಉಳಿದೆ. ವೆಲ್ವೆಟ್ ಸೀಟು ಹಾಗೇ ಉಳಿಯಿತು.

ಮೊಮ್ಮಗಳು ಹುಟ್ಟಿದ್ದೂ ಬೆಳೆದದ್ದೂ ಕುವೈತಿನಲ್ಲೇ. ಅವಳ ಇಕಾಮಾ, ಎಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಅಪ್ಪನ ಹೆಸರಿಗೆ ಅಂಟಿಕೊಂಡದ್ದು. ಹೊರದೇಶದಲ್ಲಿ ಆರು ತಿಂಗಳು ದಾಟಿದರೆ ಅದು ತಾನಾಗಿ ರದ್ದು. ಹೊರಗೆ ಓದುವ ಇಲ್ಲಿನ ಮಕ್ಕಳೆಲ್ಲ ಅದಕ್ಕಾಗಿಯೇ ಆರು ತಿಂಗಳೊಳಗೆ ಒಮ್ಮೆ ಬಂದು, ನೆಲ ಮುಟ್ಟಿ ಹೋಗುತ್ತಾರೆ. ನಮ್ಮ ಫ್ರಿಜ್ಜಿನ ಮೇಲಿನ ಚರ್ಚ್ ಕ್ಯಾಲೆಂಡರಿನಲ್ಲಿ ಮಗ ಫೆಬ್ರವರಿ ಕೊನೆಯ ಒಂದು ದಿನಕ್ಕೆ ಕೆಂಪು ಸುತ್ತು ಹಾಕಿದ್ದ. ಅವಳು ಜರ್ಮನಿಯಲ್ಲಿ ಇಳಿದದ್ದು ಆಗಸ್ಟ್ ಕೊನೆಗೆ. ಲೆಕ್ಕ ಸರಿಯಾಗಿಯೇ ಇತ್ತು.

ಜನವರಿಯಲ್ಲಿ ಅವಳು ಫೋನ್ ಮಾಡಿದಳು. "ಗ್ರ್ಯಾನಿ, ಮೈ ಫ್ರೆಂಡ್ಸ್ ಆರ್ ಗೋಯಿಂಗ್ ಟು ಲೈಪ್‌ಜಿಗ್ ಫಾರ್ ದ ವೀಕೆಂಡ್. ಒಪೆರಾ ಟಿಕೆಟ್ಸ್ ಕೂಡ ಸಿಗ್ತದೆ. ಬಟ್ ಪಪ್ಪ ವಾಂಟ್ಸ್ ಮೀ ಹೋಮ್ ದಟ್ ಫ್ರೈಡೇ."

"ನಿನ್ನ ಪಪ್ಪನ ಹತ್ರ ನಾನು ಮಾತಾಡ್ತೇನೆ. ನೀನು ಹೋಗು."

ಮಗ ಒಪ್ಪಲಿಲ್ಲ. "ಮಾಯ್, ಇದು ಆಟ ಅಲ್ಲ. ಒಂದು ದಿನ ಆಚೆ ಈಚೆ ಆದ್ರೆ ಖಲಾಸ್."

"ಕೆಂಪು ಸುತ್ತು ಹಾಕಿದ್ದು ನೀನೇ ಅಲ್ವಾ? ಅದಕ್ಕೆ ಮೊದಲು ಬಂದ್ರೆ ಆಯ್ತಲ್ಲ. ಲೆಕ್ಕದಲ್ಲಿ ನಾನು ಕ್ಲಾಸಿಗೇ ಫಸ್ಟ್."

"ಗೊತ್ತುಂಟು, ಗೊತ್ತುಂಟು. ಹುಟ್ಟಿದಾಗಿಂದ ಕೇಳ್ತಾ ಇದ್ದೇನೆ," ಎಂದು ನಕ್ಕು, ಟಿಕೆಟನ್ನು ಒಂದು ವಾರ ಮುಂದಕ್ಕೆ ಹಾಕಿದ.

ಫೆಬ್ರವರಿಯ ಆ ಶನಿವಾರ ಸಂಜೆ ವಾಯ್ಸ್ ಮೆಸೇಜ್ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಮೀನಾ ಅಲ್ ಅಹ್ಮದಿಯ ರಿಫೈನರಿಯಿಂದ ಮಗ ಧೂಳು ಮೆತ್ತಿಕೊಂಡು ಬಂದ. ಸೊಸೆಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವನಿನ್ನೂ ಶೂ ಬಿಚ್ಚಿರಲಿಲ್ಲ, ಫೋನ್ ಬಂತು. ಕಂಪೆನಿಯ ಮಂದೂಬ್. ಸರ್ಕಾರಿ ಕಾಗದಪತ್ರಕ್ಕೆ ಓಡಾಡುವವನು, ನಮ್ಮ ಉಳ್ಳಾಲದ ಕಡೆಯ ಬ್ಯಾರಿ. ಮಗನ ರಿನ್ಯೂವಲ್‌ಗೆ ಎಂತದೋ ಕಾಪಿ ಬೇಕಿತ್ತಂತೆ. ಮಗ ಸ್ಪೀಕರ್ ಹಾಕಿ ಕಾಗದ ಹುಡುಕತೊಡಗಿದ.

"ಮಗಳು ಬಂದ್ಲಾ ಸರ್?"

"ಮುಂದಿನ ವಾರ ಬರ್ತಾಳೆ. ಇನ್ನೂ ಎರಡು ವಾರ ಟೈಮ್ ಉಂಟಲ್ಲ."

ಆ ಕಡೆ ಕಾಗದ ಮಗುಚುವ ಸದ್ದು. "ಎರಡು ವಾರ ಎಲ್ಲಿಂದ ಸರ್? ನನ್ನ ಫೈಲಲ್ಲಿ ನಾಳೆಗೆ ಆರು ತಿಂಗಳು."

"ಅವಳು ಜರ್ಮನಿಗೆ ಹೋದದ್ದು ಆಗಸ್ಟ್ ಕೊನೆಗೆ ಮಾರಾಯ."

"ಜರ್ಮನಿಗೆ ಕೊನೆಗೆ. ಕುವೈತ್ ಬಿಟ್ಟದ್ದು ಯಾವಾಗ? ಮೊದಲು ಊರಿಗೆ ಹೋಗ್ಲಿಲ್ವಾ, ಮದುವೆಗೆ?"

ಹೋಗಿದ್ದಳು. ಅಮ್ಮನ ಜೊತೆ, ಚಿಕ್ಕಪ್ಪನ ಮಗಳ ಮದುವೆಗೆ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಸುರಿಯುವ ರೋಸ್ ಶಾಸ್ತ್ರಕ್ಕೆ ಅವಳಿರಲೇಬೇಕೆಂದು ಹಟ ಹಿಡಿದವಳು ನಾನು. ಹದಿಮೂರು ದಿನ ಮಂಗಳೂರಿನಲ್ಲಿದ್ದು ಅಲ್ಲಿಂದಲೇ ಜರ್ಮನಿಗೆ ಹತ್ತಿದ್ದಳು.

"ಅದು ಊರಿಗೆ ಹೋದದ್ದಲ್ವಾ..." ಎಂದ ಮಗ.

"ನಮಗೆ ಊರು ಸರ್. ಇವರಿಗೆ ಮಂಗಳೂರೂ ಒಂದೇ, ಜರ್ಮನಿಯೂ ಒಂದೇ. ಕೂಡ್ಲೇ ಹೊರಡ್ಲಿಕ್ಕೆ ಹೇಳಿ."

ಮಗ ಅವಳಿಗೆ ಫೋನ್ ಮಾಡಿದ. ಜರ್ಮನ್ ಭಾಷೆಯಲ್ಲಿ ಒಬ್ಬಳು ಏನೋ ಹೇಳಿದಳು, ತುಂಬ ವಿನಯದಿಂದ. ಮತ್ತೆ ಮಾಡಿದ. ಅದೇ ಹೆಂಗಸು.

ಅವಳು ಈಗ ಎದ್ದು ಬಂದರೆ ಹಾಸ್ಟೆಲಿಗೆ ರೈಲಿನಲ್ಲಿ ಐದು ಗಂಟೆಯ ದಾರಿ. ಪಾಸ್‌ಪೋರ್ಟ್ ಅಲ್ಲೇ ಇತ್ತು. ಕಳೆದುಹೋಗಬಾರದೆಂದು ಇಟ್ಟುಹೋಗಿದ್ದೇನೆ ಎಂದು ಬೆಳಿಗ್ಗೆಯಷ್ಟೇ ಹೆಮ್ಮೆಯಿಂದ ಹೇಳಿದ್ದಳು. ಅಲ್ಲಿಂದ ಏರ್‌ಪೋರ್ಟ್, ಮುಂಜಾನೆಯ ವಿಮಾನ, ಭಾನುವಾರ ಸಂಜೆಗೆ ಕುವೈತ್. ಮಗ ಕಾಗದದಲ್ಲಿ ಬರೆದು ಬರೆದು ನೋಡಿದ. ಈಗ ಎದ್ದರೆ ಆಗುತ್ತದೆ. ಅರ್ಧ ಗಂಟೆ ಕಳೆದ ಮೇಲೂ ಆಗುತ್ತದೆ ಎಂದ. ಒಂದು ಗಂಟೆಯ ಮೇಲೆ ಪೆನ್ನು ಕೆಳಗಿಟ್ಟ.

ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಶೂ ಹಾಕಿಕೊಂಡೇ ಸೋಫಾದ ತುದಿಯಲ್ಲಿ ಕೂತಿದ್ದ. ಇಂಟರ್ವಲ್‌ನಲ್ಲಿ ಆನ್ ಮಾಡಿಯಾಳು ಎಂದು ನಾನು ಮನಸ್ಸಿನಲ್ಲೇ ಹೇಲ್ ಮೇರಿ ಹೇಳುತ್ತಿದ್ದೆ. ಕಿಟಕಿಯ ಆಚೆ ಎದುರಿನ ಕಟ್ಟಡ ಕಾಣದಷ್ಟು ಧೂಳು, ಬೀದಿದೀಪಗಳೆಲ್ಲ ಅರಿಶಿನದ ಕಲೆಗಳ ಹಾಗೆ. ಇಂಟರ್ವಲ್‌ನಲ್ಲಿ ಅವಳು ಆನ್ ಮಾಡಲಿಲ್ಲ. "ಐ ಹ್ಯಾಡ್ ಪ್ರಾಮಿಸ್ಡ್ ಯೂ," ಎಂದು ಆಮೇಲೆ ಹೇಳಿದಳು.

ಮೂರೂವರೆ ಗಂಟೆಯ ಮೇಲೆ ಅವಳದೇ ಫೋನ್ ಬಂತು. ಮಗ ಅದನ್ನು ನನ್ನ ಕೈಗೆ ಕೊಟ್ಟ. "ನೀನೇ ಹೇಳು ಮಾಯ್."

"ಗ್ರ್ಯಾನಿ! ದ ಸೀಟ್ಸ್, ದ ಲೈಟ್ಸ್, ಓ ಮೈ ಗಾಡ್! ಕೊನೆಗೆ ಆ ಹೆಂಗಸು ಒಬ್ಬಳೇ ನಿಂತು ಹಾಡ್ತಾಳೆ ನೋಡಿ..."

ನಾನು ಅವಳನ್ನು ತಡೆಯಲಿಲ್ಲ. ಒಂದು ನಿಮಿಷ ಮಾತಾಡಲು ಬಿಟ್ಟೆ. ಆ ಒಂದು ನಿಮಿಷ ನನಗೂ ಬೇಕಿತ್ತು. ಆಮೇಲೆ ಹೇಳಿದೆ.

"ಬಟ್ ಐ ವಾಸ್ ಓನ್ಲಿ ಇನ್ ಮ್ಯಾಂಗಲೋರ್," ಎಂದಳು. ನನ್ನ ಮಗ ಹೇಳಿದಂತೆಯೇ.

ಅವಳು ಸ್ಟೇಷನ್ನಿಗೆ ಓಡಿದಳು. ನಡುವೆ ಬದಲಿಸಬೇಕಿದ್ದ ರೈಲು ತಪ್ಪಿತು. ಹಾಸ್ಟೆಲ್ ಮುಟ್ಟುವಾಗ ಭಾನುವಾರ ಬೆಳಗಾಗಿತ್ತು, ಮುಂಜಾನೆಯ ವಿಮಾನ ಹೋಗಿಯಾಗಿತ್ತು. ಮುಂದಿನದು ಕುವೈತಿನಲ್ಲಿ ಇಳಿಯುವುದು ಸೋಮವಾರ. ಏರ್‌ಪೋರ್ಟ್ ಕೌಂಟರಿನವರು ಕಂಪ್ಯೂಟರ್ ನೋಡಿ, ರೆಸಿಡೆನ್ಸಿ ಅಷ್ಟರಲ್ಲಿ ಮುಗಿಯುತ್ತದೆ ಎಂದು ಬೋರ್ಡಿಂಗ್ ಕೊಡಲಿಲ್ಲ.

ಎರಡು ವರ್ಷವಾಯಿತು. ವಿಸಿಟ್ ವೀಸಾಕ್ಕೆ ಹಾಕಿದ ಅರ್ಜಿ ಎರಡು ಸಲ ತಿರುಗಿ ಬಂದಿದೆ, ಕಾರಣ ಯಾರೂ ಹೇಳುವುದಿಲ್ಲ. ಇಲ್ಲಿನ ಹಾರ್ಟ್ ಡಾಕ್ಟರು ನನಗೆ ವಿಮಾನ ಹತ್ತಬಾರದು ಎಂದಿದ್ದಾರೆ. ಕಳೆದ ತಿಂಗಳು ಕೇಳಿದಾಗ ಅದೇ ಮಾತನ್ನು ಮೊದಲಿಗಿಂತ ಮೆತ್ತಗೆ ಹೇಳಿದರು, ಅದು ನನಗೆ ಹಿಡಿಸಲಿಲ್ಲ. ವಿಡಿಯೋ ಕಾಲ್ ಉಂಟಲ್ಲ ಮಾಯ್, ಎನ್ನುತ್ತಾನೆ ಮಗ. ಅದನ್ನು ನಾನು ನೋಡಿದ್ದು ಎಂದು ಲೆಕ್ಕ ಹಿಡಿಯುವುದಿಲ್ಲ.

ನಾನು ಅವಳನ್ನು ಕೊನೆಗೆ ನೋಡಿದ್ದು ಆ ಆಗಸ್ಟಿನಲ್ಲಿ, ಏರ್‌ಪೋರ್ಟಿನ ಎದುರು. ಸೂಟ್‌ಕೇಸ್ ಭಾರ ಜಾಸ್ತಿಯಾಗಿ ಅವಳು ಜರ್ಮನಿಗೆಂದು ಕೊಂಡ ವಿಂಟರ್ ಕೋಟನ್ನು ಮೈಮೇಲೆ ಹಾಕಿಕೊಂಡಿದ್ದಳು. ಅಂಥ ಸೆಕೆಯಲ್ಲಿ! "ಹಿಮಕರಡಿ, ಕರಗಿ ಹೋಗ್ತೀ," ಎಂದು ಅಪ್ಪ ಚುಡಾಯಿಸಿದ. ನನ್ನನ್ನು ಕಾರಿನ ಎಸಿಯಲ್ಲೇ ಕೂರಿಸಿದ್ದರು. ಅವಳು ಕಿಟಕಿಗೆ ಬಗ್ಗಿ ಮುತ್ತು ಕೊಟ್ಟಳು. ತುಟಿಯ ಮೇಲಿನ ಬೆವರು ನನ್ನ ಕೆನ್ನೆಗೆ ತಾಗಿತು. "ಫೆಬ್ರವರಿ, ಗ್ರ್ಯಾನಿ." ಹಿಂದಿನಿಂದ ಪೊಲೀಸಿನವನು ಯಲ್ಲಾ, ಯಲ್ಲಾ, ಹೊರಡಿ ಎಂದು ಡಿಕ್ಕಿ ತಟ್ಟಿದ. ಕಾರು ಹೊರಟಿತು. ಕನ್ನಡಿಯಲ್ಲಿ ನೋಡಿದೆ. ಅಮ್ಮನ ಹಿಂದೆ ಟ್ರಾಲಿ ತಳ್ಳುತ್ತಾ ಹೋಗುತ್ತಿದ್ದಳು, ಕೋಟಿನ ಬೆಲ್ಟ್ ಒಂದು ಕಡೆ ಜಾರಿ ನೆಲದ ಮೇಲೆ ಎಳೆಯುತ್ತಿತ್ತು. ಕೂಗಿ ಹೇಳೋಣವೆಂದು ಗ್ಲಾಸ್ ಇಳಿಸುವಷ್ಟರಲ್ಲಿ ಕಾರು ತಿರುವು ದಾಟಿತ್ತು.