ತಿಪ್ಪಯ್ಯ ಕೂರಬೇಕಿದ್ದ ಟ್ರಾಲಿ

ರೈಲ್ವೆಯಲ್ಲಿ ತಿಪ್ಪಯ್ಯನ ಕೆಲಸ ಟ್ರಾಲಿ ತಳ್ಳುವುದು. ಹಳಿ ತಪಾಸಣೆಗೆ ಬಂದ ಸಾಹೇಬರು ಅದರ ಬೆಂಚಿನ ಮೇಲೆ ಛತ್ರಿಯ ನೆರಳಲ್ಲಿ ಕುಳಿತರೆ, ಇವನು ಹಳಿಯ ಮೇಲೇ ಹೆಜ್ಜೆಯಿಟ್ಟು ಓಡುತ್ತ ಹಿಂದಿನಿಂದ ತಳ್ಳಬೇಕು. ಹೊಸದುರ್ಗ ರೋಡಿನಿಂದ ಚಿಕ್ಕಜಾಜೂರಿನವರೆಗೆ ಎಲ್ಲ ಸಾಹೇಬರ ಬೆನ್ನನ್ನೂ ಅವನು ಬಲ್ಲ. ಮುಖಗಳು ಅಷ್ಟಾಗಿ ನೆನಪಿಲ್ಲ. ನಿವೃತ್ತನಾದ ಮೇಲೆ ಉಳಿದದ್ದು ಒಂದೇ ಆಸೆ: ಒಮ್ಮೆ ಆ ಬೆಂಚಿನ ಮೇಲೆ ತಾನು ಕೂರಬೇಕು, ಬೇರೆ ಯಾರಾದರೂ ತಳ್ಳಬೇಕು.

ಹೊಳಲ್ಕೆರೆಯ ಕೆಲವರು ಸೇರಿ ಪಾಳುಬಿದ್ದ ಗೋದಾಮೊಂದರಲ್ಲಿ ರೈಲು ಸಂಗ್ರಹಾಲಯ ಮಾಡಿದಾಗ ಅವನೂ ಸಂಬಳವಿಲ್ಲದ ಸೇವೆಗೆ ಸೇರಿದ್ದು ಅದಕ್ಕೇ. ಗುಜರಿಯಿಂದ ತಂದ ಟ್ರಾಲಿಯೊಂದು ಅಲ್ಲಿತ್ತು. ಅದು ಓಡಲು ಹಳಿ ಬೇಕು. ಹಳಿ ಹಾಕಲು ಗೋದಾಮಿನ ಹಿಂದಿನ ದಿಬ್ಬ ಹೋಗಬೇಕು. ನಾಲ್ಕು ಗುದ್ದಲಿ ಸಾಕಿತ್ತು. ಆದರೆ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ರಾಜಕುಮಾರ್ ದೊಡ್ಡದಾಗಿ ಯೋಚಿಸುವ ಮನುಷ್ಯ. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ, ಜಪಾನಿನಲ್ಲಿ ದುಡಿದು ಹಡಗೇರಿ ಬಂದ ಮಣ್ಣು ಅಗೆಯುವ ಯಂತ್ರವೊಂದು ಮಾರಾಟಕ್ಕೆ ನಿಂತದ್ದನ್ನು ಕಂಡವರೇ, ದಾನಿಗಳನ್ನು ಹಿಡಿದು ಅದನ್ನು ಕೊಂಡೇಬಿಟ್ಟರು. ಕಂಪನಿ ಯಾವುದಾದರೇನು, ಊರಿನವರಿಗೆ ಅದು ಹಿಟಾಚಿಯೇ. ಬಾಗಿಲ ಮೇಲಿನ ಜಪಾನಿ ಅಕ್ಷರಗಳಿಗೆ ವಿಭೂತಿ ಪಟ್ಟೆ ಬಿತ್ತು. ಚೈನಿನಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಸ್ವಯಂಸೇವಕರ ಯಂತ್ರ ಸ್ವಯಂಸೇವಕರಿಗೇ ಒದಗದಿದ್ದರೆ ಹೇಗೆ? ಮೊದಲು ಖಜಾಂಚಿಯ ಕೃಷಿಹೊಂಡ, ಆಮೇಲೆ ಕಾರ್ಯದರ್ಶಿಯ ಷಡ್ಡಕನ ಮನೆಯ ಪಾಯ. ಯಂತ್ರ ಓಡಿಸುವ ಓಬಳೇಶ್ ಶ್ರೀರಾಂಪುರದವನಾದ್ದರಿಂದ ಆ ಕಡೆಯ ಒಂದೆರಡು ಬದುಗಳೂ ನೇರವಾದವು. ತಿಪ್ಪಯ್ಯ ಟ್ರಾಲಿಯ ಚಕ್ರಕ್ಕೆ ಎಣ್ಣೆ ಬಿಡುತ್ತ, ಹಿಟಾಚಿ ಇವತ್ತು ಯಾವ ಊರಲ್ಲಿದೆಯೆಂದು ವಿಚಾರಿಸುತ್ತ ಒಂದು ಬೇಸಿಗೆ ಕಳೆದ. ಕೊನೆಗೂ ದಿಬ್ಬದ ಸರದಿ ಬಂತು. ಊಟದ ಹೊತ್ತಿಗೆ ದಿಬ್ಬವೇ ಇರಲಿಲ್ಲ.

ಹಳಿ ಬಿತ್ತು. ಉದ್ಘಾಟನೆಯ ದಿನ ಟ್ರಾಲಿಯಲ್ಲಿ ಕೂರಲು ಇಡೀ ಸಮಿತಿ ಸಿದ್ಧವಿತ್ತು; ತಳ್ಳಲು ಯಾರೂ ಇರಲಿಲ್ಲ. ರಾಜಕುಮಾರ್ ತಿಪ್ಪಯ್ಯನ ಹೆಗಲ ಮೇಲೆ ಕೈಯಿಟ್ಟು, "ನಿನ್ನಂಗೆ ತಳ್ಳೋರು ಈ ಜಿಲ್ಲೇಲಿ ಯಾರವ್ರೆ ತಿಪ್ಪಯ್ಯ?" ಎಂದರು. ಹೊಗಳಿಕೆ ನಿಜವೇ ಆಗಿತ್ತು. ತಿಪ್ಪಯ್ಯ ಚಪ್ಪಲಿ ಬಿಟ್ಟು ಹಳಿ ಹತ್ತಿದ.

ಅವನ ಹೆಂಡತಿ ಕಾಟಮ್ಮ ಪಾನಕದ ಲೋಟ ಕೆಳಗಿಟ್ಟಳು. "ಜಪಾನಿಂದ ಅಷ್ಟು ದೊಡ್ಡದು ತಂದೀರಲ್ಲ ಸಾರ್, ಅದ್ಯಾಕೆ ಸುಮ್ನೆ ನಿಂತೈತೆ? ಅದ್ರ ಕೈಲಿ ತಳ್ಳಿಸ್ರಿ. ಇವತ್ತು ನಮ್ಮನೆಯವ್ರು ಕುಂತ್ಕಂತಾರೆ."

ಜನ ನಕ್ಕರು. ಜನ ನಕ್ಕ ಮೇಲೆ ಅಧ್ಯಕ್ಷರೂ ನಗಲೇಬೇಕಾಯಿತು.

ಓಬಳೇಶ್ ಬಕೆಟ್ಟಿಗೆ ಹಳೆಯ ಟೈರು ಕಟ್ಟಿದ. ಹಿಟಾಚಿ ಹಳಿಯ ಪಕ್ಕದಲ್ಲಿ ತೆವಳುತ್ತ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ಟ್ರಾಲಿಯನ್ನು ನೂಕಿತು. ತಿಪ್ಪಯ್ಯನ ಮುಂದೆ ಯಾರ ಬೆನ್ನೂ ಇರಲಿಲ್ಲ. ಬರೀ ಹಳಿ, ಅದರಾಚೆ ಬಯಲು, ಮುಖಕ್ಕೆ ಗಾಳಿ.

ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನಿಂದ ಎಂಜಿನ್ನಿನ ಏದುಸಿರು ಅವನ ಕಿವಿಗೆ ಬಿತ್ತು. ಕೂತಲ್ಲಿ ಕೂರಲಾಗಲಿಲ್ಲ. ತಿರುಗಿ ಕೈಯೆತ್ತಿದ. "ಸಾಕು ನಿಲ್ಸಪ್ಪ ಓಬಳೇಶ, ಸುಸ್ತಾಗಿರ್ತೈತೆ. ಒಂಚೂರು ನೀರು ಕುಡಿ."

ಎ.ಸಿ. ಕ್ಯಾಬಿನ್ನಿನ ಗಾಜಿನೊಳಗೆ ಕುಳಿತಿದ್ದ ಓಬಳೇಶನಿಗೆ ಅದು ಕೇಳಿಸಲಿಲ್ಲ. ತಿಪ್ಪಯ್ಯ ಖುಷಿಯಲ್ಲಿ ಕೈಬೀಸುತ್ತಿದ್ದಾನೆಂದುಕೊಂಡ. ಹಳಿ ಮುಗಿಯುವವರೆಗೂ ತಳ್ಳಿದ. ಹಳಿ ಮುಗಿಯುವವರೆಗೂ ತಿಪ್ಪಯ್ಯ ಕೂರಲೇಬೇಕಾಯಿತು.