ಒಸಾಕಾಕ್ಕೆ ಹೋಗುವ ಮುನ್ನ ಅಕ್ಕ ಓದಿದ್ದು

ಈ ವರ್ಷ ಫೆಬ್ರವರಿಯ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ದೊಡ್ಡಬಳ್ಳಾಪುರದ ನನ್ನ ಅಕ್ಕನ ಮನೆಯಲ್ಲಿ, ಜಪಾನಿನ ಒಸಾಕಾ ನಗರದ ಮೆಟ್ರೋ ರೈಲಿನ ನಕ್ಷೆಯನ್ನು ಸೆರಗಿನಲ್ಲಿ ಹೊತ್ತ ಸೀರೆಯೊಂದು ಮಗ್ಗದಿಂದ ಇಳಿಯಿತು. ಆ ವಿನ್ಯಾಸದಲ್ಲಿ ಅದು ಆರನೆಯ ಸೀರೆ. ಹಿಂದಿನ ಐದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಯಾರೂ ಆರ್ಡರ್ ಕೊಟ್ಟಿರಲಿಲ್ಲ. ತಪ್ಪು ನನ್ನದು.

ಹಿನ್ನೆಲೆ ಹೀಗಿದೆ. ಏಪ್ರಿಲ್‌ನಲ್ಲಿ ಒಸಾಕಾದಲ್ಲಿ ಒಂದು ಬಟ್ಟೆ ಪ್ರದರ್ಶನ. ನಮ್ಮೂರಿನ ನೇಕಾರರ ಸಂಘವೊಂದರಿಂದ ಎಂಟು ಮಂದಿ ಹೋಗುವುದೆಂದು ಜನವರಿಯಲ್ಲಿ ತೀರ್ಮಾನವಾಯಿತು. ಏಳು ಹೆಸರುಗಳು ಮೊದಲ ಸಭೆಯಲ್ಲೇ ಖಚಿತವಾದವು. ಎಂಟನೆಯ ಜಾಗಕ್ಕೆ ಇಬ್ಬರಿದ್ದರು: ಐವತ್ತಾರು ವರ್ಷದ ನನ್ನ ಅಕ್ಕ ಮತ್ತು ಸಂಘದ ಅಧ್ಯಕ್ಷರ ಭಾಮೈದ. ಹಿಂದೊಮ್ಮೆ ದೆಹಲಿಗೆ ಹೋಗಿದ್ದಾಗ ಸದಸ್ಯರೊಬ್ಬರು ತಪ್ಪು ರೈಲು ಹತ್ತಿ ಐದು ಗಂಟೆ ಕಾಣೆಯಾಗಿದ್ದರು. ಅದು ಮರುಕಳಿಸಬಾರದೆಂದು ಅಧ್ಯಕ್ಷರು ಒಂದು ನಿಯಮ ಮಾಡಿದರು. ಉಳಿಯುವ ಹೋಟೆಲಿನಿಂದ ಪ್ರದರ್ಶನದ ಸಭಾಂಗಣಕ್ಕೆ ಒಬ್ಬರೇ ಹೋಗುವುದು ಹೇಗೆಂದು ಯಾರು ಸರಿಯಾಗಿ ಹೇಳುತ್ತಾರೋ ಅವರಿಗೆ ಜಾಗ. ಫೆಬ್ರವರಿಯ ಕೊನೆಯ ಶುಕ್ರವಾರದ ಸಭೆಯಲ್ಲಿ ಪರೀಕ್ಷೆ.

ಅಕ್ಕ ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆಯೇ ಇದ್ದಾಳೆ. ಅವಳ ಸೀರೆಗಳನ್ನು ಬೆಂಗಳೂರಿನ ವ್ಯಾಪಾರಿಗಳು ಕಟ್ಟು ಕಟ್ಟಾಗಿ ಒಯ್ಯುತ್ತಾರೆ. ಕೊಳ್ಳುವವರ ಮುಖವನ್ನು ಅವಳು ಒಮ್ಮೆಯೂ ಕಂಡಿಲ್ಲ.

"ಒಂದ್ಸಲ ನೋಡ್ಬೇಕು ಕಣೋ," ಅಂದಳು. "ಮುಟ್ಟಿದ್ ತಕ್ಷಣ ಮುಖ ಹೆಂಗಾಗುತ್ತೆ ಅಂತ."

ನನಗೆ ನೆನಪಿರುವಂತೆ ಅವಳು ತನಗಾಗಿ ಏನಾದರೂ ಕೇಳಿದ್ದು ಅದೇ ಮೊದಲು. ಆಮೇಲೆ ಕೇಳಿದಳು: "ನೀನು ಪೇಪರ್ನಾಗ್ ಇದ್ದೋನು. ಅಲ್ಲಿಗ್ ಹೋಗೋಕೆ ಮುಂಚೆ ಏನೇನ್ ಓದ್ಕಬೇಕು, ಒಂದ್ ಪಟ್ಟಿ ಮಾಡ್ಕೊಡು."

ನಾನು ಪತ್ರಿಕೆಯೊಂದರ ಸುದ್ದಿಮನೆಯಿಂದ ಅವಧಿಗೆ ಮುನ್ನವೇ ನಿವೃತ್ತನಾದವನು. ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಇದ್ದೇನೆ. ಜಪಾನಿಗೆ ಹೋಗಿಲ್ಲ. ನನಗೆ ಪಾಸ್‌ಪೋರ್ಟ್ ಇಲ್ಲ. ಪಟ್ಟಿ ಮಾಡಲು ಇದಾವುದೂ ಅಡ್ಡಿಯಾಗಲಿಲ್ಲ.

ಅಕ್ಕ ಕನ್ನಡ ಮಾತ್ರ ಓದುತ್ತಾಳೆ. ಆದ್ದರಿಂದ ಗ್ರಂಥಾಲಯದಲ್ಲಿ ಹುಡುಕಿ, ತುಂಬ ಹಿಂದೆ ಹಡಗಿನಲ್ಲಿ ಜಪಾನಿಗೆ ಹೋಗಿಬಂದ ಒಬ್ಬರ ಪ್ರವಾಸಕಥನ ತಂದೆ. ಒಸಾಕಾದ ವರ್ತಕರ ಮನೆತನವೊಂದರ ಮೇಲಿನ ಕಾದಂಬರಿಯ ಅನುವಾದ ಸಿಕ್ಕಿತು. ಮೂರು ಸಾಲಿನ ಜಪಾನಿ ಕವಿತೆಗಳ ತೆಳ್ಳನೆಯ ಪುಸ್ತಕವೂ ಸಿಕ್ಕಿತು. ಶಿಷ್ಟಾಚಾರದ ಬಗ್ಗೆ ಕನ್ನಡದಲ್ಲಿ ಏನೂ ಕಾಣದೆ ನಾನೇ ನಾಲ್ಕು ಪುಟ ಬರೆದೆ. ದಿನಬಳಕೆಯ ಮೂವತ್ತು ಜಪಾನಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಇಳಿಸಿದೆ. ಕೊನೆಯದು ಮೆಟ್ರೋ ನಕ್ಷೆ. ಬಸ್ ನಿಲ್ದಾಣದ ಹತ್ತಿರ ದೊಡ್ಡ ಹಾಳೆಯಲ್ಲಿ, ಬಣ್ಣದಲ್ಲಿ ಅಚ್ಚು ಹಾಕಿಸಿದೆ. ಪರೀಕ್ಷೆಗೆ ನಿಜವಾಗಿ ಬೇಕಾದದ್ದು ಇದೊಂದೇ. ಆದರೂ ಅದನ್ನು ಕಡೆಯಲ್ಲಿಟ್ಟೆ. ಮೊದಲು ನಗರ ಅರ್ಥವಾಗಲಿ, ಆಮೇಲೆ ರೈಲು ಎಂಬುದು ನನ್ನ ವಾದವಾಗಿತ್ತು.

ಅಕ್ಕ ಓದಿದಳು. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕೂತು, ಒಂದೊಂದು ಪುಟಕ್ಕೂ ಬೆರಳು ಒದ್ದೆ ಮಾಡಿಕೊಂಡು. ಪ್ರವಾಸಕಥನದ ಬಗ್ಗೆ ನಾಲ್ಕನೆಯ ದಿನ ವರದಿ ಬಂತು.

"ಇವ್ರು ಇನ್ನೂ ಹಡಗಲ್ಲೇ ಅವ್ರೆ. ನೂರ್ ಪುಟ ಆಯ್ತು. ಬರೀ ವಾಂತಿ."

ಕಾದಂಬರಿ ಎರಡು ದಿನ ತೆಗೆದುಕೊಂಡಿತು. "ಒಬ್ರೂ ಊಟ ಮುಗ್ಸಲ್ವಲ್ಲೋ. ತಟ್ಟೆ ಮುಂದೆ ಕೂತ್ಕತಾರೆ, ಕಿಟಕಿ ನೋಡ್ತಾರೆ, ಎದ್ದೋಗ್ತಾರೆ. ಆ ಅನ್ನ ಎಲ್ಲಾ ಏನ್ ಮಾಡಿದ್ರು ಅಂತ ಕೊನೇವರ್ಗೂ ಹೇಳಿಲ್ಲ."

ಕವಿತೆಗಳನ್ನು ಅವಳು ಒಂದೇ ಮಧ್ಯಾಹ್ನ ಮುಗಿಸಿ ಪುಸ್ತಕವನ್ನು ನನ್ನ ಕೈಗಿಟ್ಟಳು. "ಇದು ಹೆಡ್ಡಿಂಗು. ಸುದ್ದಿ ಎಲ್ಲಿ?"

ನಾನು ಬರೆದ ಶಿಷ್ಟಾಚಾರ ಮಾತ್ರ ಕೆಲಸ ಮಾಡಿತು. ಏನು ಕೊಟ್ಟರೂ ಎರಡೂ ಕೈಯಲ್ಲಿ, ತಲೆ ತುಸು ಬಾಗಿಸಿ ಕೊಡಬೇಕು ಎಂದು ಅದರಲ್ಲಿತ್ತು. ಅಂದಿನಿಂದ ಭಾವನಿಗೆ ಕಾಫಿ ಹಾಗೇ ಬರತೊಡಗಿತು. ಭಾವ ಮೊದಲ ದಿನ ಲೋಟ ತೆಗೆದುಕೊಳ್ಳದೆ ಹಿಂದೆ ಸರಿದರು.

"ಏನೇ ಇದು? ಏನ್ ತಪ್ಪು ಮಾಡಿದೀಯ ಹೇಳ್ಬಿಡು."

ಇನ್ನು ನಕ್ಷೆ. ಅಕ್ಕನ ಮನೆಯಲ್ಲಿ ಮಗ್ಗದ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆಯಿದೆ. ಮುಂದೆ ನೇಯಬೇಕಾದ ಸೀರೆಯ ವಿನ್ಯಾಸವನ್ನು ಅಕ್ಕ ಆರಿಸಿ ಅದಕ್ಕೆ ಸಿಕ್ಕಿಸುತ್ತಾಳೆ. ಭಾವ ಅದನ್ನು ತೆಗೆದು ಕಾರ್ಡ್ ಹೊಡೆಯುವವನಿಗೆ ಕೊಡುತ್ತಾರೆ. ಅವನು ಚಿತ್ರವನ್ನು ರಟ್ಟಿನ ಪಟ್ಟಿಗಳಲ್ಲಿ ತೂತುಗಳಾಗಿ ಇಳಿಸುತ್ತಾನೆ. ಆ ತೂತುಗಳು ಹೇಳಿದಂತೆ ವಿದ್ಯುತ್ ಮಗ್ಗ ನೇಯುತ್ತದೆ. ಮೊಳೆಯ ಮೇಲಿರುವ ಕಾಗದದ ಬಗ್ಗೆ ಪ್ರಶ್ನೆ ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ. ಮದುವೆಯಾದ ಹೊಸತರಲ್ಲಿ ಭಾವ ಒಮ್ಮೆ ಕೇಳಿದ್ದರಂತೆ. ಮತ್ತೆ ಕೇಳಿಲ್ಲ.

ನಾನು ನಕ್ಷೆಯನ್ನು ತಂದ ದಿನವೇ ಆ ಮೊಳೆಗೆ ಸಿಕ್ಕಿಸಿದ್ದೆ, ಅಕ್ಕ ಹೋಗುತ್ತ ಬರುತ್ತ ನೋಡಲಿ ಎಂದು. ನಾನೂ ನೇಕಾರರ ಮನೆಯಲ್ಲೇ ಹುಟ್ಟಿದವನು. ತಿಳಿದಿರಬೇಕಿತ್ತು. ಗೋಡೆಯಲ್ಲಿ ಬೇರೆ ಮೊಳೆ ಇರಲಿಲ್ಲ.

ಸಾಮಾನ್ಯವಾಗಿ ಹೊಸ ವಿನ್ಯಾಸದ ಮೊದಲ ಸೀರೆಯನ್ನು ಅಕ್ಕನೇ ಬಿಚ್ಚಿ ನೋಡುತ್ತಾಳೆ. ಆ ದಿನಗಳಲ್ಲಿ ಅವಳು ಮಗ್ಗವನ್ನು ಭಾವನಿಗೆ ಬಿಟ್ಟು ಜಗುಲಿಯಲ್ಲಿ ಹಡಗಿನಲ್ಲಿದ್ದಳು. ಆ ಸೋಮವಾರ ಪಟ್ಟಿಯ ಮೊದಲ ಐದೂ ಮುಗಿಸಿ ಎದ್ದು ಬಂದು, "ಎಲ್ಲೋ ನಿನ್ ನಕ್ಷೆ?" ಎಂದಳು.

"ಮೊಳೆ ಮೇಲೆ."

"ಯಾವ್ ಮೊಳೆ?"

ಅಷ್ಟರಲ್ಲಿ ಭಾವ ಆರನೆಯ ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಕೋಣೆಯಿಂದ ಬಂದರು. ಸೆರಗು ಇಳಿಬಿದ್ದಿತ್ತು. ಮೂವರೂ ನೋಡಿದೆವು.

"ಏನೇ ನಿನ್ ಡಿಸೈನು," ಅಂದರು ಭಾವ. "ಗೆರೆ ಗೆರೆ, ಚುಕ್ಕಿ ಚುಕ್ಕಿ. ಈಗಿನ್ ಹುಡುಗೀರು ಹಿಂಗೇ ಕೇಳ್ತಾರೇನೋ ಅಂದ್ಕಂಡ್ ಸುಮ್ನಾದೆ."

"ಲೇ," ಅಂದಳು ಅಕ್ಕ, ನನಗೆ.

ಕಾರ್ಡ್ ಹೊಡೆಯುವವನಿಗೆ ಫೋನ್ ಮಾಡಿದೆವು. ಅವನಿಗೆ ಹೆಮ್ಮೆಯಿತ್ತು. "ಎಂಟ್ ಬಣ್ಣ ಇತ್ತು ಅಣ್ಣ, ನಿಮ್ ಮಗ್ಗಕ್ಕೆ ನಾಲ್ಕೇ ಹಿಡಿಯೋದು, ಹೊಂದ್ಸಿದೀನಿ. ಒಂದ್ ಪಕ್ಕ ಪೂರ್ತಿ ಖಾಲಿ ಬಿಟ್ಬಿಟ್ಟಿದ್ರು ಗುರು, ಯಾವೋನ್ ಬರೆದಿದ್ದು ಅದು? ಅಲ್ಲಿ ಮಾವಿನಕಾಯಿ ಕೂರ್ಸಿದೀನಿ. ಈಗ ತುಂಬ್ಕಂಡೈತೆ."

ಖಾಲಿ ಬಿಟ್ಟಿದ್ದ ಭಾಗ ಒಸಾಕಾ ಕೊಲ್ಲಿ. ಅಲ್ಲೀಗ ಜರಿಯ ಮಾವಿನಕಾಯಿಗಳಿದ್ದವು, ಎರಡು ಸಾಲು. ನಿಲ್ದಾಣಗಳ ಜಪಾನಿ ಹೆಸರುಗಳನ್ನು ಅವನು ಚಿಕ್ಕ ಹೂಗಳೆಂದು ತಿಳಿದು ಕೆಲವನ್ನು ಉಳಿಸಿ, ಸೊಟ್ಟಗಿವೆ ಅನಿಸಿದ್ದನ್ನು ನೆಟ್ಟಗೆ ಮಾಡಿದ್ದ.

ಇನ್ನೊಂದು ಪ್ರತಿ ತರುತ್ತೇನೆ ಎಂದೆ. ಅಕ್ಕ ಬೇಡವೆಂದಳು. ಸೆರಗನ್ನು ಮಡಿಲಲ್ಲಿ ಹರಡಿಕೊಂಡು ಕೆಂಪು ಎಳೆಯ ಮೇಲೆ ಬೆರಳಾಡಿಸುತ್ತಿದ್ದಳು. "ಕಾಗದ ನಂಗೆ ತಲೆಗ್ ಹತ್ತಲ್ಲ ಕಣೋ. ಇದು ಹತ್ತುತ್ತೆ." ಹೋಟೆಲು ಎಲ್ಲಿ, ಸಭಾಂಗಣ ಎಲ್ಲಿ ಎಂದು ನಾನು ತೋರಿಸಿದೆ. ಅವಳಿಗೆ ಬೇಕಾದ ಕೆಂಪು ಮಾರ್ಗ, ಹಸಿರು ಮಾರ್ಗ ಎರಡೂ ಬಣ್ಣಗೆಡದೆ ಉಳಿದಿದ್ದವು.

ಮುಂದಿನ ಹತ್ತು ದಿನ ಅವಳು ಬೇರೇನೂ ಓದಲಿಲ್ಲ. ಪರೀಕ್ಷೆಗೆ ಎರಡು ದಿನ ಮುಂಚೆ, ಬುಧವಾರ, ನಾನು ಮೂಲ ನಕ್ಷೆಯ ಇನ್ನೊಂದು ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಅವಳ ಬಾಯಲ್ಲಿ ದಾರಿ ಹೇಳಿಸಿದೆ. ಕೆಂಪು ಗೆರೆಯಲ್ಲಿ ಮೇಲಕ್ಕೆ ಎರಡು ನಿಲ್ದಾಣ. ಸರಿ. ಇಳಿದು ಹಸಿರು ಗೆರೆ. ಸರಿ. ಬಲಕ್ಕೆ ಆರು ನಿಲ್ದಾಣ. ತಪ್ಪು. ಸಮುದ್ರವೂ ಸಭಾಂಗಣವೂ ಇರುವುದು ಎಡಕ್ಕೆ. ಬಲಕ್ಕೆ ಹೊರಟ ರೈಲು ಬೆಟ್ಟದ ಕೆಳಗೆ ಹಾದು ಪಕ್ಕದ ನಾರಾ ಪ್ರಾಂತ್ಯಕ್ಕೆ ಹೋಗುತ್ತದೆ.

"ದೆಹಲೀಲಿ ಐದ್ ಗಂಟೆ," ಅಂದರು ಭಾವ. "ಇವಳು ಐದ್ ದಿನ."

ಅಕ್ಕ ಎದ್ದು, ಅದುವರೆಗೆ ಅರ್ಧಕ್ಕೆ ಮಡಿಸಿಕೊಂಡಿದ್ದ ಸೆರಗನ್ನು ಪೂರ್ತಿ ನೆಲದ ಮೇಲೆ ಬಿಡಿಸಿದಳು. ಸೆರಗಿಗೆ ಅರ್ಧ ಚಿತ್ರ ಬರೆದು, ಉಳಿದರ್ಧವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕುವುದು ನಮ್ಮಲ್ಲಿ ರೂಢಿ. ಹಾಗಾಗಿ ಆ ಸೆರಗಿನಲ್ಲಿ ಎರಡು ಒಸಾಕಾಗಳಿದ್ದವು, ಮುಖಾಮುಖಿಯಾಗಿ. ಅವಳು ಹತ್ತು ದಿನ ಓದಿದ್ದು ತಿರುಗಿದ ಒಸಾಕಾವನ್ನು. ಇಷ್ಟು ವರ್ಷ ನೇಯ್ದವಳಿಗೆ ಅದು ಮೊದಲೇ ಹೊಳೆಯಬೇಕಿತ್ತು ಎಂದು ಅವಳೇ ಹೇಳಿಕೊಂಡಳು. ನನಗೂ ಹೊಳೆದಿರಲಿಲ್ಲ. ಆಮೇಲೆ ಸೂಜಿ ತಂದು, ತಪ್ಪು ಅರ್ಧದ ಅಂಚಿಗೆ ಒಂದು ಕಪ್ಪು ದಾರದ ಗಂಟು ಹಾಕಿದಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆಯ ಎಡಗಡೆಗೆ ಕೈ ತೋರಿಸುತ್ತ ಏನೋ ಗೊಣಗುತ್ತಿದ್ದಳೆಂದು ಭಾವ ತಿಳಿಸಿದರು.

ಶುಕ್ರವಾರ ನಾಲ್ಕು ಗಂಟೆಗೆ ಸಭೆ. ಸದಸ್ಯರ ಮನೆಯವರು ಹಿಂದಿನ ಬೆಂಚಿನಲ್ಲಿ ಕೂರಬಹುದಿತ್ತು. ನಾನೂ ಭಾವನೂ ಕೂತೆವು. ಮೊದಲು ಭಾಮೈದನನ್ನು ಕರೆದರು. ಅವನು ಮೂವತ್ತರ ಆಸುಪಾಸಿನವನು, ಹೊಸ ಶರಟು ಹಾಕಿದ್ದ.

"ಹೋಟ್ಲಿಂದ ಹಾಲ್‌ಗೆ ಹೆಂಗಪ್ಪಾ ಹೋಗ್ತೀಯ?" ಅಧ್ಯಕ್ಷರು ಕೇಳಿದರು.

"ಫೋನ್ ನೋಡ್ಕಂಡ್ ಹೋಗ್ತೀನಿ."

"ಫೋನ್ ಆಫ್ ಆಗೋದ್ರೆ?"

"ಚಾರ್ಜ್ ಹಾಕ್ತೀನಿ."

"ಚಾರ್ಜರ್ ಇಲ್ಲ ಅಂತಿಟ್ಕೊ."

ಅವನು ಅಧ್ಯಕ್ಷರತ್ತ ಬಗ್ಗಿದ. "ಭಾವ, ಇದನ್ನ ಮನೇಲಿ ಕೇಳಿರ್ಲಿಲ್ವಲ್ಲ ನೀವು?"

ಸಭೆ ಶಾಂತವಾಗಲು ಕೆಲವು ನಿಮಿಷ ಹಿಡಿಯಿತು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಅಕ್ಕನನ್ನು ಕರೆದರು. ಅಕ್ಕ ಅದೇ ಸೀರೆ ಉಟ್ಟಿದ್ದಳು. ಮೇಜಿನ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಸೆರಗು ಹಿಡಿದು, ತಲೆ ಬಾಗಿಸಿ, ಅಧ್ಯಕ್ಷರ ಮುಂದೆ ಹರಡಿದಳು. ಗಂಟು ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡಳು.

"ಇದು ಹೋಟ್ಲು. ಕೆಂಪ್ ಗೆರೇಲಿ ಮೇಲಕ್ಕೆ ಎರಡ್ ಸ್ಟಾಪು. ಇಳಿದು ಹಸಿರ್ ಗೆರೆ. ಎಡಕ್ಕೆ, ಮಾವಿನಕಾಯಿ ಕಡೆ, ಆರ್ ಸ್ಟಾಪು. ಇಳಿದು ನಡ್ಕಂಡ್ ಹೋಗೋದು."

"ಮಾವಿನಕಾಯಿ?"

"ಸಮುದ್ರ, ಅಧ್ಯಕ್ಷರೇ."

ಅಧ್ಯಕ್ಷರು ಬಗ್ಗಿದರು. ಆಮೇಲೆ ನಮ್ಮವರು ಯಾರಾದರೂ ಮಾಡುವುದನ್ನೇ ಮಾಡಿದರು. ಸೆರಗನ್ನು ಮಗುಚಿ ಹಿಂಬದಿ ನೋಡಿದರು. "ಎಳೆ ಎಲ್ಲೂ ಜಗ್ಗಿಲ್ವಲ್ಲ," ಅಂದರು. ಇನ್ನೊಬ್ಬ ಸದಸ್ಯರು ಎದ್ದು ಬಂದರು. ರೇಷ್ಮೆ ನೂಲು ದೇವನಹಳ್ಳಿ ಪಕ್ಕದ ವಿಜಯಪುರದ್ದೋ ಎಂದು ಮತ್ತೊಬ್ಬರು ಕೇಳಿದರು. ಗೆರೆಗಳ ಮೂಲೆ ಇಷ್ಟು ಚೂಪಾಗಿ ಹೇಗೆ ಬಂತು ಎಂಬುದರ ಮೇಲೆ ಚರ್ಚೆ ಶುರುವಾಯಿತು. ಸಭೆ ಮಗ್ಗಕ್ಕೆ ಇಪ್ಪತ್ತು ನಿಮಿಷ, ಒಸಾಕಾಕ್ಕೆ ಒಂದು ನಿಮಿಷ ಕೊಟ್ಟಿತು. ಅಕ್ಕ ಸೀರೆಯ ಸಮೇತ ಮೇಜಿಗೆ ಅಂಟಿಕೊಂಡು ನಿಂತೇ ಇದ್ದಳು. ಕುಳಿತುಕೊಳ್ಳಲು ಸೆರಗು ಬಿಟ್ಟುಕೊಡುವವರಿರಲಿಲ್ಲ.

ಕೊನೆಗೆ ಭಾಮೈದನೇ ನೆನಪಿಸಿದ. "ಹೋಗೋದ್ ಹೇಳಿದ್ರು ಸರಿ. ವಾಪಸ್ ಬರೋದು?"

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಪಟ್ಟಿಯಲ್ಲಿ ಯಾವುದೂ ಅದರ ಬಗ್ಗೆ ಇರಲಿಲ್ಲ. ಭಾವ ನನ್ನ ಮೊಣಕಾಲು ಹಿಡಿದುಕೊಂಡರು.

ಅಕ್ಕ ಅವನತ್ತ ತಿರುಗಿದಳು. "ಏನಪ್ಪಾ, ನೇಕಾರ್ರ ಮನೇನಾಗ್ ಹುಟ್ಟಿ ಇದನ್ ಕೇಳ್ತೀಯಲ್ಲ. ಲಾಳಿ ಆ ಕಡೆ ಹೋದ್ರೆ ಈ ಕಡೆಗ್ ಹೆಂಗ್ ಬರುತ್ತೆ? ಅದೇ ದಾರಿ."

ಎಂಟನೆಯ ಹೆಸರಾಗಿ ಅಕ್ಕನದನ್ನು ನಡಾವಳಿ ಪುಸ್ತಕದಲ್ಲಿ ಬರೆದರು. ಭಾಮೈದನೂ ಚಪ್ಪಾಳೆ ತಟ್ಟಿದ. ಹೊರಡುವ ಮುನ್ನ ಅಧ್ಯಕ್ಷರು ಉಳಿದ ಐದು ಸೀರೆಗಳಲ್ಲಿ ಒಂದನ್ನು ತಮ್ಮ ಮನೆಗೆ ಕೇಳಿ, ದನಿ ತಗ್ಗಿಸಿ, ಯಾವ ಅರ್ಧ ಸರಿಯಾದದ್ದು ಎಂದು ವಿಚಾರಿಸಿದರು. ಅಕ್ಕ ಹೇಳಿದಳು.

ವೀಸಾ ಮಾರ್ಚ್‌ನಲ್ಲಿ ಬಂತು. ಏಪ್ರಿಲ್ ಎರಡನೆಯ ಭಾನುವಾರ ಎಂಟು ಮಂದಿ ದೇವನಹಳ್ಳಿಯಿಂದ ವಿಮಾನ ಹತ್ತಿದರು. ಮಂಗಳವಾರ, ಪ್ರದರ್ಶನದ ಹಿಂದಿನ ದಿನ, ಎಲ್ಲರೂ ಒಟ್ಟಿಗೆ ಸಭಾಂಗಣಕ್ಕೆ ಹೋದರು. ಬುಧವಾರ ಮಳಿಗೆ ಜೋಡಿಸುವ ಸರದಿ ಅಕ್ಕನದು. ಉಳಿದವರಿಗಿಂತ ಮೊದಲೇ ಹೊರಡಬೇಕಿತ್ತು.

ಬುಧವಾರ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರು ಗಂಟೆಗೆ ಅವಳಿಂದ ಸಂದೇಶ ಬಂತು. ಒಬ್ಬಳೇ ರೈಲಿನಲ್ಲಿ ಬಂದು ಸಭಾಂಗಣ ಸೇರಿದ್ದಾಳೆ. ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆಯಿದೆ. ಹೊರಗೆ ಕೊಳ್ಳುವವರು ಸಾಲಿನಲ್ಲಿ ನಿಂತಿದ್ದಾರೆ, ಹನ್ನೊಂದು ಮುಖ.