ರೊಸೇರ್ ಸರಿಮಾಡಿದ ಕಂಪ್ಯೂಟರ್

ಫೋರ್ಟ್ ಕೆಂಟ್ ಎಂಬ ಸಣ್ಣ ಊರಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೈಕೊಟ್ಟರೂ ಜನ ಮೊದಲು ಹುಡುಕುತ್ತಿದ್ದದ್ದು ರೊಸೇರ್ ಡೇಗಲ್‌ನನ್ನು. ಆಲೂಗಡ್ಡೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ನಿವೃತ್ತನಾದ ಮೇಲೆ ಊರವರು ಬಿಸಾಡಿದ ಯಂತ್ರಗಳನ್ನು ಹೊತ್ತು ತಂದು, ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಬೇಕಾದವರಿಗೆ ಕೊಡುತ್ತಿದ್ದ. ತಂಗಿ ಲುಡಿವೀನ್‌ಗೂ ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದ. ಎಂಟು ವರ್ಷ ಅವಳು ಊರಿನ ಸುತ್ತಲ ಕಣಿವೆಯ ಹಿರಿಯರ ಅಡುಗೆಮನೆಗಳಲ್ಲಿ ಕೂತು, ಪ್ಲೋಯ್ ರೊಟ್ಟಿ ತಿನ್ನುತ್ತ, ಅವರ ಹಳೇ ಫ್ರೆಂಚ್ ಮಾತನ್ನು ಅದರಲ್ಲಿ ಧ್ವನಿಮುದ್ರಿಸಿಕೊಂಡಿದ್ದಳು. ಒಟ್ಟು ಮೂವತ್ತೊಂದು ಜನ. ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಡುತ್ತೇನೆಂದು ರೊಸೇರ್ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಅವನಿಗೆ ಮರೆವಿನ ಕಾಯಿಲೆ ಹಿಡಿಯಿತು, ವೃದ್ಧಾಶ್ರಮ ಸೇರಿದ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಪರದೆ ಪೂರಾ ಕಪ್ಪು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಿತ್ತು, ಅಷ್ಟೇ. ಲುಡಿವೀನ್ ಅದನ್ನು ವೃದ್ಧಾಶ್ರಮಕ್ಕೆ, ಅಣ್ಣನ ಬಳಿಗೇ ಒಯ್ದಳು. ಬೇರೆಯವರ ಕೈಗೆ ಕೊಟ್ಟರೆ ಅವನಿಗೆ ಅವಮಾನ ಮಾಡಿದಂತೆ ಎನಿಸಿತು.

"ಏನು ಮಾಡಿಟ್ಟೆ ಮಾರಾಯ್ತಿ?" ಎಂದ ರೊಸೇರ್.

"ನಾನೇನೂ ಮಾಡಿಲ್ಲ ಕಣೋ."

"ಎಲ್ಲರೂ ಹಾಗೇ ಅನ್ನೋದು."

ಎಷ್ಟೋ ತಿಂಗಳ ಮೇಲೆ ಅವನು ಅವಳನ್ನು ಛೇಡಿಸಿದ್ದ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ, ಅಕ್ಷರಗಳು ಬಂದವು. ಅವಳು ಪಾಸ್‌ವರ್ಡ್ ಹೇಳಿದಳು. ಅವನ ಬೆರಳು ಹಿಂದಿನಂತೆಯೇ ಓಡಿತು.

"ಡಿಸ್ಕು ಭರ್ತಿಯಾಗಿದೆ. ಉಸಿರಾಡೋಕೂ ಜಾಗ ಇಲ್ಲ ಅದಕ್ಕೆ. ಯಾವುದೋ ಒಂದೇ ಫೋಲ್ಡರ್ ಎಲ್ಲಾ ತಿಂದು ಕೂತಿದೆ," ಎಂದವನು ಏನೋ ಟೈಪು ಮಾಡಿ ಎಂಟರ್ ಒತ್ತಿದ.

ಅದೇನೆಂದು ಲುಡಿವೀನ್ ಕೇಳಲಿಲ್ಲ. ಅವನು ಕೆಲಸ ಮಾಡುವಾಗ ಏನು ಬರೆಯುತ್ತೀಯೆಂದು ಅವಳು ಎಂದೂ ಕೇಳಿದವಳಲ್ಲ.

ಯಂತ್ರ ಮತ್ತೆ ಶುರುವಾಯಿತು. ಅವಳ ನೀಲಿ ಪರದೆ, ಅದೇ ಚಿತ್ರಗಳು, ಎಲ್ಲ ಬಂತು. ಧ್ವನಿಗಳ ಫೋಲ್ಡರ್ ಒಂದು ಮಾತ್ರ ಇರಲಿಲ್ಲ.

"ರೊಸೇರ್, ಅದರಲ್ಲಿ ಹಿರಿಯರ ಮಾತಿತ್ತಲ್ಲ..."

"ಯಾವ ಹಿರಿಯರು?"

ಅವನ ಮುಖ ಹಿಗ್ಗಿನಿಂದ ಕೆಂಪಾಗಿತ್ತು. ಲುಡಿವೀನ್ ಲ್ಯಾಪ್‌ಟಾಪ್ ಮುಚ್ಚಿದಳು. "ಏನಿಲ್ಲ ಬಿಡು. ಸರಿಹೋಯ್ತು," ಎಂದಳು.

ಕಾರಿಬೂ ಪೇಟೆಯಲ್ಲಿ ರಿಪೇರಿಯವನೊಬ್ಬ ಎರಡು ವಾರ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಳಿಸಿದ್ದು ಇನ್ನು ಸಿಗುವುದಿಲ್ಲವೆಂದು ಕೈಚೆಲ್ಲಿದ. ಆ ಮೂವತ್ತೊಂದು ಜನರಲ್ಲಿ ಬದುಕಿದ್ದವರು ನಾಲ್ವರು. ಅವರಲ್ಲಿ ಇಬ್ಬರಿಗೆ ಮಾತು ನಿಂತಿತ್ತು. ಉಳಿದಿಬ್ಬರ ಮನೆಗೆ ಹೋಗಲು ಲುಡಿವೀನ್ ಒಂದೆರಡು ಸಲ ಹೊರಟಳು, ದಾರಿಯಲ್ಲೇ ಕಾರು ತಿರುಗಿಸಿಕೊಂಡು ಬಂದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅವಳು ಅಣ್ಣನನ್ನು ನೋಡಲು ಹೋಗುತ್ತಾಳೆ. ತಂಗಿಯ ಹೆಸರು ಅವನಿಗೆ ಆಗಾಗ ತಪ್ಪುತ್ತದೆ. ಆದರೆ ಊಟದ ಮೇಜಿನಲ್ಲಿ ಪಕ್ಕದವರಿಗೆ ಹೇಳುತ್ತಾನೆ, "ಇವಳ ಕಂಪ್ಯೂಟರ್ ಸತ್ತೇ ಹೋಗಿತ್ತು. ನಾನೇ ಸರಿಮಾಡಿಕೊಟ್ಟೆ, ಕೇಳಿ ಬೇಕಾದರೆ."

ಅವರು ಕೇಳುತ್ತಾರೆ. ಅವಳು ಹೌದೆನ್ನುತ್ತಾಳೆ.